ಅಪ್‌ಡೇಟ್: ಪ್ರಿಂಟಿಂಗ್ ಕೋರ್ಸಿಗೆ ಸೇರಿಯೇಬಿಟ್ಟೆ

ಡಿಸೈನ್ ಸಾಫ್ಟ್‌ವೇರ್ ಬಂದರೆ ಸಾಲದಾ, ಪ್ರಿಂಟಿಂಗ್ ಯಾಕೆ ಓದಬೇಕು ಅಂತ ಹೋದ ವರ್ಷ ಕೇಳಿದ್ದೆ ಅಲ್ವಾ? ಸೇರಿದೆ. ಒಂದು ಸೆಮಿಸ್ಟರ್ ಮುಗಿಯಿತು.

ಮೊದಲ ಪೋಸ್ಟರ್ ಕೆಟ್ಟಿತು. ಸ್ಕ್ರೀನ್ ಮೇಲೆ ಮಿಂಚುತ್ತಿದ್ದ ನೀಲಿ ಕಾಗದದ ಮೇಲೆ ಮಂಕು ನೇರಳೆ! ಫೈಲ್ ಆರ್‌ಜಿಬಿಯಲ್ಲೇ (ಸ್ಕ್ರೀನಿನ ಕೆಂಪು, ಹಸಿರು, ನೀಲಿ ಬೆಳಕಿನ ಬಣ್ಣ) ಇತ್ತು, ಮೆಷಿನ್‌ಗೆ ಬೇಕಿದ್ದದ್ದು ಸಿಎಂವೈಕೆ (ಸಯಾನ್, ಮೆಜೆಂಟಾ, ಹಳದಿ, ಕಪ್ಪು ಇಂಕು). ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸುವ ಗೆರೆಯಾಚೆಗೂ ಚಾಚುವ ಬಣ್ಣ) ಕೂಡ ಬಿಟ್ಟಿರಲಿಲ್ಲ. ಕತ್ತರಿಸಿದಾಗ ಅಂಚಿನಲ್ಲಿ ಬಿಳಿ ಗೆರೆ.

ಮನಸ್ಸು ಕದ್ದಿದ್ದು ಆಫ್‌ಸೆಟ್ ಮುದ್ರಣ. ಅಚ್ಚಿನ ಪ್ಲೇಟ್ ಸಪಾಟು, ಅಕ್ಷರ ಉಬ್ಬಿರುವುದಿಲ್ಲ. ಎಣ್ಣೆ ಇಂಕಿಗೂ ನೀರಿಗೂ ಆಗಿಬರೋದಿಲ್ಲ, ಅದರ ಮೇಲೇ ಇಡೀ ಆಟ: ಅಕ್ಷರದ ಜಾಗ ಇಂಕು ಹಿಡಿಯುತ್ತದೆ, ಖಾಲಿ ಜಾಗ ನೀರು ಹಿಡಿದು ಇಂಕನ್ನು ದೂರ ಇಡುತ್ತದೆ. ಇಂಕು ಮೊದಲು ರಬ್ಬರ್ ಬ್ಲಾಂಕೆಟ್‌ಗೆ (ಸಿಲಿಂಡರಿಗೆ ಸುತ್ತಿದ ರಬ್ಬರ್ ಹಾಳೆ), ಆಮೇಲೆ ಕಾಗದಕ್ಕೆ. ಹೀಗೆ ಎರಡು ಸಲ ತಿರುಗುವುದರಿಂದ ಪ್ಲೇಟಿನ ಅಕ್ಷರ ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಅಲ್ಲ, ನೇರವಾಗೇ ಇರುತ್ತದೆ. ಭೂತಗನ್ನಡಿ ಹಿಡಿದರೆ ಫೋಟೋದ ಮುಖ ಮಾಯ, ಬರೀ ನಾಲ್ಕು ಬಣ್ಣದ ಚುಕ್ಕಿ.

ಉಗುರಿನ ಇಂಕು ಮಾತ್ರ ಹೋಗುತ್ತಿಲ್ಲ.