ಸಹಾಯ ಬೇಕು: ಎರಡು ಮುಟ್ಟಿನ ನಡುವೆ ಬರುವ ನೋವಿಗೆ ನಿಮ್ಮ ಕಡೆ ಏನಂತಾರೆ?

ನಮಸ್ಕಾರ. ಕಾಲೇಜು ಹುಡುಗಿಯರಿಗಾಗಿ ಒಂದು ಪುಟದ ಕರಪತ್ರ ಮಾಡುತ್ತಿದ್ದೇವೆ. ‘ಅಂಡೋತ್ಸರ್ಗದ ನೋವು’ (ಅಂಡಾಶಯದಿಂದ ಅಂಡಾಣು ಹೊರಬರುವಾಗಿನ ನೋವು) ಎಂದು ಬರೆದರೆ ಹೆಚ್ಚಿನವರಿಗೆ ಅರ್ಥವಾಗುವುದಿಲ್ಲ. ನಿಮ್ಮೂರ ಹೆಂಗಸರು ಬಳಸುವ ಮಾತು ತಿಳಿಸಿ.

ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು, ಕಿಬ್ಬೊಟ್ಟೆಯ ಒಂದೇ ಪಕ್ಕದಲ್ಲಿ ಬರುವ ನೋವಿದು. ಎಣಿಕೆ ಮುಂದಿನ ಮುಟ್ಟಿನಿಂದ ಹಿಂದಕ್ಕೆ ಮಾಡಬೇಕು: 34 ದಿನಕ್ಕೊಮ್ಮೆ ಮುಟ್ಟಾಗುವವರಿಗೆ 20ನೇ ದಿನದ ಆಸುಪಾಸು. ಹೆಚ್ಚಿನವರ ಎಣಿಕೆ ತಪ್ಪುವುದು ಇಲ್ಲೇ. ಅಂಡಾಶಯದ ಕೋಶಿಕೆ (ಅಂಡಾಣು ಬೆಳೆಯುವ ಪುಟ್ಟ ಚೀಲ) ಹಿಗ್ಗಿ ಒಡೆದಾಗ ಸೋರುವ ದ್ರವ, ಚೂರು ರಕ್ತ ಹೊಟ್ಟೆಯ ಒಳಪೊರೆಯನ್ನು ಕೆರಳಿಸುತ್ತದೆ. ಕೆಲವು ನಿಮಿಷದಿಂದ ಒಂದೆರಡು ದಿನ ಇರಬಹುದು. ಬಿಸಿನೀರಿನ ಶಾಖ, ಬೇಕಿದ್ದರೆ ಪ್ಯಾರಾಸಿಟಮಾಲ್ ಸಾಕು. ಮೂರು ತಿಂಗಳು ಕ್ಯಾಲೆಂಡರಿನಲ್ಲಿ ನೋವಿನ ದಿನ, ಪಕ್ಕ ಗುರುತಿಸಿದರೆ ವೈದ್ಯರಿಗೂ ಅನುಕೂಲ.

ನಮಗೆ ನಿಜವಾದ ಆತಂಕ ಬೇರೆ. ‘ಮುಟ್ಟಿನ ನೋವೇ’ ಎಂದು ಸುಮ್ಮನಿದ್ದು ತಡವಾಗಬಾರದು. ಮುಟ್ಟು ತಪ್ಪಿ ನೋವು ಬಂದರೆ, ತಲೆಸುತ್ತಿ ಬಿದ್ದರೆ ಗರ್ಭಕೋಶದ ಹೊರಗೆ ಗರ್ಭ ನಿಂತಿರಬಹುದು. ಹಠಾತ್ ತೀವ್ರ ನೋವು, ವಾಂತಿ ಇದ್ದರೆ ಅಂಡಾಶಯ ತಿರುಚಿಕೊಂಡಿರಬಹುದು. ಹೊಕ್ಕುಳ ಸುತ್ತ ಶುರುವಾಗಿ ಬಲಗಡೆ ಕೆಳಗಿಳಿದರೆ ಅಪೆಂಡಿಕ್ಸ್ ಊದಿಕೊಂಡಿರಬಹುದು. ಇವಕ್ಕೆ ತಕ್ಷಣ ಆಸ್ಪತ್ರೆ, ಇಲ್ಲವೇ 108. ಜ್ವರ, ದುರ್ವಾಸನೆಯ ಸ್ರಾವ ಇದ್ದರೆ ಅದೇ ದಿನ ತೋರಿಸಬೇಕು.

‘ತಿರುಚಿಕೊಳ್ಳುವುದು’ ಎಂಬುದಕ್ಕೂ ಆಡುಮಾತಿನ ಪದ ಬೇಕು. ಪದದ ಜೊತೆ ನಿಮ್ಮ ಜಿಲ್ಲೆಯ ಹೆಸರೂ ಬರೆಯಿರಿ.