ಸೈಕಲ್ ಯಾತ್ರೆಯ 45 ಮಂದಿಗೆ ದಾರಿಯಲ್ಲೇ ಅಡುಗೆ: ಅನುಭವಸ್ಥರು ದಯವಿಟ್ಟು ತಿಳಿಸಿ

ಪ್ರಶ್ನೆ ಕೇಳಿದವರು: ಬೆಟ್ಟದ ತಪ್ಪಲು, ಮೈಸೂರು

ಎಲ್ಲರಿಗೂ ನಮಸ್ಕಾರ. ಮೈಸೂರಿನ ನಮ್ಮ ಬಡಾವಣೆಯ ಸೈಕಲ್ ಬಳಗದವರು ಬರುವ ಚಳಿಗಾಲದಲ್ಲಿ ಮೂರು ದಿನಗಳ ಯಾತ್ರೆಯೊಂದಕ್ಕೆ ಹೊರಡುವವರಿದ್ದೇವೆ. ಮೊದಲ ದಿನ ಶ್ರೀರಂಗಪಟ್ಟಣ, ಪಾಂಡವಪುರದ ಮೇಲೆ ಮೇಲುಕೋಟೆ, ಎರಡನೆಯ ದಿನ ಮಂಡ್ಯ, ಮಳವಳ್ಳಿ ದಾಟಿ ಶಿವನಸಮುದ್ರ, ಮೂರನೆಯ ದಿನ ತಲಕಾಡು, ತಿ. ನರಸೀಪುರ, ಸೋಮನಾಥಪುರಗಳನ್ನು ನೋಡಿಕೊಂಡು ಊರು ಸೇರುವುದು ನಮ್ಮ ಯೋಜನೆ. ಒಟ್ಟು 45 ಮಂದಿ ಇದ್ದೇವೆ. ಅವರಲ್ಲಿ ಪಿಯುಸಿ ಓದುವ ಹುಡುಗರೂ ಇದ್ದಾರೆ, ನಿವೃತ್ತರಾದ ಮೇಷ್ಟರೂ ಇದ್ದಾರೆ.

ಹೋದ ಸಲ ಒಂದು ದಿನದ ಸವಾರಿಗೆ ಹೋದಾಗ ಹೋಟೆಲುಗಳನ್ನೇ ನಂಬಿದ್ದೆವು. ಏಕಕಾಲಕ್ಕೆ ಇಷ್ಟು ಜನ ಒಳಗೆ ನುಗ್ಗಿದರೆ ಸಣ್ಣ ಊರಿನ ಹೋಟೆಲಿನವರು ಏನು ಮಾಡಿಯಾರು? ಕೊನೆಯ ಹತ್ತು ಜನರಿಗೆ ಇಡ್ಲಿಯೂ ಇರಲಿಲ್ಲ, ಚಟ್ನಿಯೂ ಇರಲಿಲ್ಲ. ಆದ್ದರಿಂದ ಈ ಬಾರಿ ಒಂದು ಲಗೇಜ್ ಆಟೋವನ್ನು ಬಾಡಿಗೆಗೆ ಹಿಡಿದು, ಪಾತ್ರೆ, ಒಲೆ, ದಿನಸಿಗಳನ್ನು ಅದರಲ್ಲಿ ಹೇರಿಕೊಂಡು, ನಾವೇ ಅಡುಗೆ ಮಾಡಿಕೊಂಡು ಒಟ್ಟಿಗೆ ಕುಳಿತು ಊಟ ಮಾಡಬೇಕೆಂಬ ಆಸೆ. ಮನೆಯಲ್ಲಿ ಆರು ಜನರಿಗೆ ಅಡುಗೆ ಮಾಡಿ ಅಭ್ಯಾಸವಿದೆಯೇ ಹೊರತು ನಮ್ಮಲ್ಲಿ ಯಾರಿಗೂ ಕೊಳಗದ ಅಡುಗೆ ಗೊತ್ತಿಲ್ಲ. ಏನನ್ನು ಮಾಡಬೇಕು, ಎಷ್ಟು ಮಾಡಬೇಕು, ಯಾರು ಮಾಡಬೇಕು ಎಂಬುದನ್ನು ತಿಳಿದವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಉತ್ತರ 1: ಕೊಳದಪ್ಪಲೆ, ಪಾಂಡವಪುರ

ಸ್ವಾಮಿ, ನಮ್ಮ ತಂದೆಯವರ ಕಾಲದಿಂದಲೂ ನಮ್ಮದು ಮದುವೆ, ಗೃಹಪ್ರವೇಶ, ತಿಥಿಗಳಿಗೆ ಅಡುಗೆ ಹಿಡಿಯುವ ಮನೆ. ಆ ಅನುಭವದಿಂದ ಹೇಳುವುದಾದರೆ, ಮದುವೆ ಮನೆಯ 500 ಎಲೆಗಿಂತ ನಿಮ್ಮ 45 ತಟ್ಟೆಯೇ ಕಷ್ಟ. ಛತ್ರದಲ್ಲಿ ಪಂಕ್ತಿ ಕುಳಿತ ಮೇಲೆ ಬಡಿಸುತ್ತೇವೆ, ಜನ ಅನ್ನಕ್ಕಾಗಿ ಕಾಯುತ್ತಾರೆ. ನಿಮ್ಮ ಯಾತ್ರೆಯಲ್ಲಿ ಅನ್ನವೇ ಜನರಿಗಾಗಿ ಕಾಯಬೇಕು. ಗಟ್ಟಿಗ ಹುಡುಗರು 11 ಗಂಟೆಗೆ ಬಂದು ನಿಂತರೆ, ಪಂಕ್ಚರ್ ಹಾಕಿಸಿಕೊಂಡು, ಎಳನೀರು ಕುಡಿದು ಬರುವವರು ಒಂದು ಗಂಟೆಗೆ ಬರುತ್ತಾರೆ. ಹೀಗಾಗಿ ಯಾವುದು ರುಚಿ ಎಂದು ಕೇಳುವುದಕ್ಕೆ ಮೊದಲು ಯಾವುದು ಎರಡು ಗಂಟೆ ಕಾದರೂ ಕೆಡದು ಎಂದು ಕೇಳಿಕೊಳ್ಳಿ. ಪಟ್ಟಿ ತಾನಾಗಿಯೇ ಸಿದ್ಧವಾಗುತ್ತದೆ.

ಉಪ್ಪಿಟ್ಟು ಕಾಯುವ ಪದಾರ್ಥವಲ್ಲ. ಇಳಿಸಿದ ಅರ್ಧ ಗಂಟೆಗೆ ಸೌಟು ನೆಟ್ಟರೆ ನಿಲ್ಲುವಷ್ಟು ಬಿಗಿಯುತ್ತದೆ. ಬೆಳಿಗ್ಗೆ ತಂಗಿದ ಜಾಗದಲ್ಲಿ ಎಲ್ಲರೂ ಒಟ್ಟಿಗೆ ಇರುವಾಗ ಮಾತ್ರ ಅದನ್ನು ಮಾಡಿ. 4 ಕಿಲೋ ರವೆ ಸಾಕು. ದಾರಿಯ ನಡುವಿನ ಮಧ್ಯಾಹ್ನದ ಊಟಕ್ಕೆ ಪುಳಿಯೋಗರೆ ಮತ್ತು ಮೊಸರನ್ನವನ್ನು ಮೀರಿದ್ದಿಲ್ಲ. ಮೇಲುಕೋಟೆಯ ಪುಳಿಯೋಗರೆ ಹೆಸರಾದದ್ದು ರುಚಿಯಿಂದ ಎನ್ನುತ್ತಾರೆ. ನನ್ನನ್ನು ಕೇಳಿದರೆ, ಗುಡಿಯಿಂದ ಕಟ್ಟಿಕೊಂಡು ಹೊರಟವನು ಊರು ತಲಪುವವರೆಗೂ ಹಳಸದೆ ಉಳಿಯುವ ಅದರ ಗುಣವೂ ಸಣ್ಣದಲ್ಲ.

ಮದುವೆಯಲ್ಲಿ ಹತ್ತಾರು ಪದಾರ್ಥಗಳಿರುವುದರಿಂದ ತಲೆಗೆ 100 ಗ್ರಾಂ ಅಕ್ಕಿ ಹಿಡಿಯುತ್ತೇವೆ. ಸೈಕಲ್ ತುಳಿದು ಬಂದವರಿಗೆ 150 ಗ್ರಾಂ ಬೇಕು. 45 ಮಂದಿಗೆ 7 ಕಿಲೋಗೆ ತುಸು ಕಡಿಮೆ ಎಂದಾಯಿತು. ಅದರಲ್ಲಿ 4 ಕಿಲೋ ಪುಳಿಯೋಗರೆಗೆ, ಉಳಿದದ್ದು ಮೊಸರನ್ನಕ್ಕೆ. 4 ಕಿಲೋ ಅಕ್ಕಿಗೆ ಅರ್ಧ ಕಿಲೋ ಹುಣಸೆಹಣ್ಣು ಹಿಡಿಯುತ್ತದೆ. ಗೊಜ್ಜನ್ನು ಹೊರಡುವ ಎರಡು ದಿನ ಮೊದಲೇ ಮನೆಯಲ್ಲಿ ಎಣ್ಣೆ ಬಿಟ್ಟುಕೊಳ್ಳುವವರೆಗೆ ಕುದಿಸಿ ಡಬ್ಬಿಗೆ ತುಂಬಿಕೊಳ್ಳಿ. ದಾರಿಯಲ್ಲಿ ಉಳಿಯುವ ಕೆಲಸ ಅನ್ನ ಮಾಡಿ ಕಲಸುವುದು ಮಾತ್ರ. ಅಕ್ಕಿ ಹಳೆಯದಾಗಿರಲಿ. ಹೊಸ ಅಕ್ಕಿ ಮುದ್ದೆಗಟ್ಟಿ ಮಾನ ಕಳೆಯುತ್ತದೆ.

ಮನೆಯ ಅಳತೆಯನ್ನು ಹಾಗೇ ಗುಣಿಸಬೇಡಿ. ಸಣ್ಣ ಪಾತ್ರೆಯಲ್ಲಿ ಆವಿಯಾಗಿ ಹೋಗುವಷ್ಟು ಪಾಲು ನೀರು ದೊಡ್ಡ ಪಾತ್ರೆಯಲ್ಲಿ ಹೋಗುವುದಿಲ್ಲ. ಒಂದಕ್ಕೆ ಎರಡೂವರೆ ಎಂದು ಸುರಿದರೆ ತಳದಲ್ಲಿ ಗಂಜಿಯೇ ಸಿಗುತ್ತದೆ. ಹೊಸಬರಿಗೆ ಸುಲಭವಾದ ದಾರಿಯೆಂದರೆ ಧಾರಾಳ ನೀರಿನಲ್ಲಿ ಅಕ್ಕಿ ಬೇಯಿಸಿ, ಅಗುಳನ್ನು ಬೆರಳಲ್ಲಿ ಹಿಸುಕಿದಾಗ ನಡುವೆ ಚುಕ್ಕೆಯಷ್ಟು ಗಟ್ಟಿ ಉಳಿದಿರುವಾಗಲೇ ಬಸಿದುಬಿಡುವುದು. ಬಸಿದ ಅನ್ನವನ್ನು ಒಗೆದ ಬಿಳಿಯ ಪಂಚೆಯ ಮೇಲೆ ಹರವಿ, ಎಣ್ಣೆ ಚಿಮುಕಿಸಿ ಆರಲು ಬಿಟ್ಟರೆ ಅಗುಳು ಅಗುಳಾಗಿ ನಿಲ್ಲುತ್ತದೆ. 40 ಲೀಟರಿನ ಒಂದು ಪಾತ್ರೆ, 20 ಲೀಟರಿನ ಎರಡು, ಒಂದು ಅಗಲದ ಬಾಣಲೆ ಇದ್ದರೆ ನಿಮಗೆ ಬೇಕಾದಷ್ಟಾಯಿತು. ಶಾಮಿಯಾನ ಅಂಗಡಿಯವರು ಹಿತ್ತಾಳೆ ಪಾತ್ರೆ ಕೊಟ್ಟರೆ ಒಳಗೆ ಕೈಯಾಡಿಸಿ ಕಲಾಯಿ ನೋಡಿ. ಕಲಾಯಿ ಹೋದ ಪಾತ್ರೆಗೆ ಹುಣಸೆಹುಳಿ ಬಿದ್ದರೆ ಕಿಲುಬು ಇಳಿದು ಹೊಟ್ಟೆ ಕೆಡುತ್ತದೆ.

ರಾತ್ರಿಗೆ ಮುದ್ದೆ, ಹುರುಳಿ ಸಾರು. ನಮ್ಮ ಕಡೆ ಹಿಟ್ಟು ಎಂದರೇ ಮುದ್ದೆ. ಅದಿಲ್ಲದೆ ಮಂಡ್ಯ ಜಿಲ್ಲೆ ಸುತ್ತಿ ಬಂದೆವು ಎಂದರೆ ಯಾರೂ ಒಪ್ಪುವುದಿಲ್ಲ. 5 ಕಿಲೋ ಹಿಟ್ಟನ್ನು ಒಂದೇ ಸಲಕ್ಕೆ ಹಾಕದೆ ಎರಡು ಸರತಿಯಲ್ಲಿ ತೊಳಸಿ, ಮೊದಲ ಸರತಿಯವರು ಉಣ್ಣುತ್ತಿರುವಾಗಲೇ ಎರಡನೆಯದನ್ನು ಒಲೆಗಿಡಿ. ಹುರುಳಿಯನ್ನು ಹಿಂದಿನ ರಾತ್ರಿಯೇ ನೆನೆಹಾಕಿರಬೇಕು.

ಉತ್ತರ 2: ಎರಡು ಗಾಲಿ, ಮಂಡ್ಯ

ಮೇಲಿನವರು ಹೇಳಿದ ಕಾಯುವ ಅಡುಗೆಯ ಮಾತನ್ನು ನಾನು ಮೊದಲೇ ಕೇಳಿದ್ದರೆ ಎಷ್ಟೋ ಚೆನ್ನಾಗಿತ್ತು. ಕೆಲವು ವರ್ಷಗಳ ಹಿಂದೆ ಮೂವತ್ತು ಜನರ ತಂಡಕ್ಕೆ ನಾನೇ ಮುಂದಾಳಾಗಿದ್ದೆ. ಬೆಳಗಿನ ಐದು ಗಂಟೆಗೆ ಅನ್ನ, ಸಾಂಬಾರು ಮಾಡಿ, ಬಿಸಿ ಆರಬಾರದೆಂದು ಮುಚ್ಚಳ ಬಿಗಿದು, ಅದರ ಮೇಲೆ ಕಂಬಳಿಯನ್ನೂ ಹೊದಿಸಿ ವಾಹನಕ್ಕೆ ಏರಿಸಿದೆವು. ಮದ್ದೂರಿನ ಹತ್ತಿರ ಮಧ್ಯಾಹ್ನ ಒಂದೂವರೆಗೆ ಮುಚ್ಚಳ ತೆಗೆದಾಗ ಸಾಂಬಾರಿನ ಮೇಲೆ ಸಣ್ಣ ಸಣ್ಣ ನೊರೆಗುಳ್ಳೆಗಳು ಏಳುತ್ತಿದ್ದವು. ವಾಸನೆಯ ವಿಷಯ ಬರೆಯುವುದು ಬೇಡ. ಅಂದು ಕಡ್ಲೆಪುರಿ, ಬಾಳೆಹಣ್ಣು, ಮದ್ದೂರು ವಡೆಗಳಲ್ಲೇ ಊಟ ಮುಗಿಯಿತು. ಹುಡುಗರಿಗೆ ಅದೇ ಖುಷಿಯಾಯಿತೆಂಬುದು ಬೇರೆ ಮಾತು.

ಅಂದಿನಿಂದ ನಾವು ಮಾಡಿದ ಅಡುಗೆಯನ್ನು ಹೊತ್ತು ತರುವುದನ್ನು ಬಿಟ್ಟು, ಅಡುಗೆಮನೆಯನ್ನೇ ಮುಂದೆ ಕಳುಹಿಸುತ್ತೇವೆ. ಸವಾರರು ಹೊರಡುವ ಹೊತ್ತಿಗೇ ವಾಹನವೂ ಹೊರಟು, ಊಟದ ಜಾಗಕ್ಕೆ ಮೊದಲೇ ತಲಪಿ ಒಲೆ ಹಚ್ಚಿರುತ್ತದೆ. ಇದರಲ್ಲೊಂದು ಎಚ್ಚರ ಬೇಕು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋಗಳ ಜೊತೆಗೆ ಸೈಕಲ್ಲಿಗೂ ಪ್ರವೇಶವಿಲ್ಲ. ನಾವು ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಒಮ್ಮೆ ನಮ್ಮ ಚಾಲಕರು ಬೇಗ ಸೇರುವ ಆಸೆಯಿಂದ ಮುಖ್ಯ ಪಥ ಹತ್ತಿಬಿಟ್ಟರು. ಬೇಲಿಯ ಆ ಕಡೆ ಅನ್ನದ ಪಾತ್ರೆ, ಈ ಕಡೆ ಹಸಿದ ನಾವು, ಕೈಬೀಸಿದ್ದಷ್ಟೇ ಬಂತು. ಆದ್ದರಿಂದ ವಾಹನವೂ ಸವಾರರ ರಸ್ತೆಯಲ್ಲೇ ಸಾಗಲಿ.

ಯಾರು ಅಡುಗೆ ಮಾಡಬೇಕು ಎಂದು ಕೇಳಿದ್ದೀರಿ. 60 ಕಿಲೋಮೀಟರ್ ತುಳಿದು ಬಂದವನ ಕೈಗೆ ಈಳಿಗೆಮಣೆ ಕೊಟ್ಟರೆ ಬದನೆಕಾಯಿಯ ಜೊತೆ ಬೆರಳೂ ಸಾಂಬಾರಿಗೆ ಬೀಳುತ್ತದೆ. ಏಳೆಂಟು ಜನರ ಒಂದೊಂದು ಸರತಿ ಮಾಡಿ, ಆ ದಿನದ ಸರತಿಯವರು ಸೈಕಲ್ ತುಳಿಯದೆ ಅಡುಗೆಯ ಜೊತೆಗೇ ಹೋಗಲಿ. ಅವರ ಸೈಕಲ್ಲುಗಳಿಗೂ ಸ್ಥಳ ಬೇಕಾಗುವುದರಿಂದ ಒಂದು ಲಗೇಜ್ ಆಟೋ ಸಾಲದು, ಸ್ವಲ್ಪ ದೊಡ್ಡ ವಾಹನವನ್ನೇ ಮಾತಾಡಿ. ಉಪ್ಪು, ಹುಳಿ, ಖಾರದ ಮಾತು ಮಾತ್ರ ಮೂರು ದಿನವೂ ಒಬ್ಬರದೇ ನಡೆಯಬೇಕು.

ನೀರಿನ ಲೆಕ್ಕವನ್ನು ಎಲ್ಲರೂ ಮರೆಯುತ್ತಾರೆ. ಕುಡಿಯುವುದಕ್ಕೇ ತಲೆಗೆ 5 ಲೀಟರ್ ಹಿಡಿದರೆ ದಿನಕ್ಕೆ 225 ಲೀಟರ್, ಅಂದರೆ 20 ಲೀಟರಿನ ಹನ್ನೆರಡು ಕ್ಯಾನು. ಅಡುಗೆಗೂ ಪಾತ್ರೆ ತೊಳೆಯಲೂ ಬೇರೆ ಬೇಕು. ಇಷ್ಟನ್ನು ಹೊತ್ತು ತಿರುಗಲಾಗದು. ಆದ್ದರಿಂದ ನಲ್ಲಿಯಿರುವ ಜಾಗವನ್ನು ಮೊದಲು ಗೊತ್ತುಮಾಡಿಕೊಂಡು ಊಟದ ಜಾಗವನ್ನು ಆಮೇಲೆ ನಿರ್ಧರಿಸಿ. ಇನ್ನೊಂದು ಮಾತು. ದೊಡ್ಡ ಮರದ ನೆರಳು ಕಂಡ ಕೂಡಲೇ ಒಲೆ ಹೂಡಬೇಡಿ. ತಲೆಯೆತ್ತಿ ಹೆಜ್ಜೇನು ಇದೆಯೇ ಎಂದು ನೋಡಿ. ಹೊಗೆ ತಗುಲಿದ ಹೆಜ್ಜೇನಿನ ಮುಂದೆ ಯಾವ ಗೇರೂ ಸಾಲದು.

ಮುದ್ದೆಯ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ. ನಾವು ಉತ್ಸಾಹದಿಂದ ಮಾಡಲು ಹೋಗಿ, ಗಂಟುಗಂಟಾದ ಹಿಟ್ಟನ್ನು ಅರೆಬೆಂದದ್ದಾಗಿಯೇ ತಿಂದಿದ್ದೇವೆ. ಗೊತ್ತಿಲ್ಲದವರು ಅನ್ನ, ಸಾರಿಗೇ ನಿಲ್ಲುವುದು ಲೇಸು.

ಉತ್ತರ 3: ನಿವೃತ್ತ ಗೃಹವಿಜ್ಞಾನ ಉಪನ್ಯಾಸಕಿ, ಮೈಸೂರು

ಮಂಡ್ಯದವರ ಸಾಂಬಾರು ಏಕೆ ಕೆಟ್ಟಿತೆಂಬುದನ್ನು ಹೇಳಿದರೆ ನಿಮಗೂ ಅನುಕೂಲವಾದೀತು. ಬೇಯಿಸಿದ ಆಹಾರ 60 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿರುವವರೆಗೆ ಸುರಕ್ಷಿತ. ಅದಕ್ಕಿಂತ ಇಳಿದು ಉಗುರುಬೆಚ್ಚಗೆ ನಿಂತಾಗ ಜೀವಾಣುಗಳು ಶರವೇಗದಲ್ಲಿ ಹೆಚ್ಚುತ್ತವೆ. ಕಂಬಳಿ ಹೊದಿಸಿದ ದೊಡ್ಡ ಪಾತ್ರೆ ಗಂಟೆಗಟ್ಟಲೆ ಅದೇ ಉಗುರುಬೆಚ್ಚಗಿನ ಸ್ಥಿತಿಯಲ್ಲಿ ಉಳಿಯುತ್ತದೆ. ಅಂದರೆ ಅವರು ಕಾಪಾಡಿದ್ದು ಸಾಂಬಾರನ್ನಲ್ಲ, ಜೀವಾಣುಗಳನ್ನು.

ಅನ್ನದಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಬ್ಯಾಸಿಲಸ್ ಸೀರಿಯಸ್ ಎಂಬ ಜೀವಾಣುವಿನ ಬೀಜಕಣಗಳು ಅಕ್ಕಿ ಬೆಂದರೂ ಸಾಯುವುದಿಲ್ಲ. ಅನ್ನ ನಿಧಾನವಾಗಿ ಆರುವಾಗ ಮೊಳೆತು ವಿಷವನ್ನು ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲ. ಆದ್ದರಿಂದ ರಾತ್ರಿ ಉಳಿದ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡುವ ನಮ್ಮ ಮನೆಗಳ ಜಾಣತನವನ್ನು, ಫ್ರಿಜ್ ಇಲ್ಲದ ಯಾತ್ರೆಗೆ ಕೊಂಡೊಯ್ಯಬೇಡಿ. ಪುಳಿಯೋಗರೆ ಹೆಚ್ಚು ಹೊತ್ತು ತಡೆಯುವುದು ಹುಣಸೆಯ ಹುಳಿಯಿಂದ, ಏಕೆಂದರೆ ಹುಳಿಯಲ್ಲಿ ಈ ಜೀವಾಣುಗಳು ಬೇಗ ಹೆಚ್ಚಲಾರವು. ಆದರೂ ಕಲಸಿದ್ದನ್ನು ಆ ಹೊತ್ತಿನಲ್ಲೇ ಮುಗಿಸಬೇಕು. ಮೊಸರನ್ನಕ್ಕೆ ಅನ್ನ ಬೆಚ್ಚಗಿರುವಾಗಲೇ ಕಾಯಿಸಿ ಆರಿಸಿದ ಹಾಲು ಬೆರೆಸಿ, ಮೇಲೆ ಒಂದೆರಡು ಸೌಟು ಮೊಸರು ಹಾಕಿ ಕಲಸಿಡಿ. ಊಟದ ಹೊತ್ತಿಗೆ ಹಿತವಾಗಿ ಹೆಪ್ಪುಗಟ್ಟಿರುತ್ತದೆ. ಬೆಳಿಗ್ಗೆಯೇ ಬರಿಯ ಮೊಸರಿನಲ್ಲಿ ಕಲಸಿದರೆ ಮಧ್ಯಾಹ್ನಕ್ಕೆ ಹುಳಿಯೊಡೆಯುತ್ತದೆ.

ಇಂಧನದ ಅಂದಾಜನ್ನೂ ಹೇಳಿಬಿಡುತ್ತೇನೆ. 30 ಲೀಟರ್ ನೀರನ್ನು ಕುದಿಸಲು ಸುಮಾರು ಅರ್ಧ ಕಿಲೋ ಅನಿಲ ಬೇಕಾಗುತ್ತದೆ. ಬಯಲಿನ ಗಾಳಿಗೆ ಮರೆ ಕಟ್ಟದಿದ್ದರೆ ಇನ್ನೂ ಹೆಚ್ಚು. 19 ಕಿಲೋದ ಒಂದು ವಾಣಿಜ್ಯ ಸಿಲಿಂಡರ್ ನಿಮ್ಮ ಮೂರು ದಿನಕ್ಕೆ ಸಾಕಾಗಬೇಕು. ಅದನ್ನು ವಾಹನದಲ್ಲಿ ನಿಲ್ಲಿಸಿಯೇ ಕಟ್ಟಿ, ಮಲಗಿಸಬೇಡಿ.

ಪ್ರಶ್ನೆ ಕೇಳಿದವರು: ಬೆಟ್ಟದ ತಪ್ಪಲು, ಮೈಸೂರು

ಮೂವರಿಗೂ ಕೃತಜ್ಞತೆಗಳು. ನಿನ್ನೆ ನಮ್ಮ ಬಳಗದ ಸಭೆಯಲ್ಲಿ ಇವೆಲ್ಲವನ್ನೂ ಓದಿ ಹೇಳಿದೆ. ದೊಡ್ಡ ವಾಹನಕ್ಕೂ ಸರತಿಗೂ ಎಲ್ಲರೂ ಒಪ್ಪಿದರು. ಗೊಜ್ಜಿನ ಹೊಣೆಯನ್ನು ನಿವೃತ್ತ ಮೇಷ್ಟರ ಮನೆಯವರು ವಹಿಸಿಕೊಂಡಿದ್ದಾರೆ. ಮೊದಲ ರಾತ್ರಿ ಮೇಲುಕೋಟೆಯಲ್ಲಿ ಛತ್ರವೊಂದನ್ನು ಕೇಳಿದ್ದೇವೆ. ಅಂಗಳದಲ್ಲಿ ಒಲೆ ಹೂಡಲು ಅಡ್ಡಿಯಿಲ್ಲ ಎಂದಿದ್ದಾರೆ. ತೀರ್ಮಾನವಾಗದೆ ಉಳಿದದ್ದು ಮುದ್ದೆಯೊಂದೇ. ಹುಡುಗರು ಬೇಕೇ ಬೇಕೆಂದು ಹಟ ಹಿಡಿದಿದ್ದಾರೆ, ತೊಳಸಬಲ್ಲವರು ಮಾತ್ರ ಒಬ್ಬರೂ ಇಲ್ಲ.

ಉತ್ತರ 4: ಕೊಳದಪ್ಪಲೆ, ಪಾಂಡವಪುರ

ಮಂಡ್ಯದವರ ಗಂಟು ಮುದ್ದೆಯ ಕಾರಣ ನನಗೆ ಗೊತ್ತು. ಎಸರು ಮರಳುವುದಕ್ಕೆ ಮೊದಲೇ ಹಿಟ್ಟು ಸುರಿದು, ಸುರಿದ ಕೂಡಲೇ ಕೋಲು ಆಡಿಸಿರುತ್ತಾರೆ. ಕುದಿಯುವ ಎಸರಿನ ನಡುವೆ ಹಿಟ್ಟನ್ನು ಗುಡ್ಡೆಯಾಗಿ ಹಾಕಿ, ಕೋಲಿನಿಂದ ನಡುವೆ ತೂತು ಮಾಡಿ, ಆ ತೂತಿನಿಂದ ಎಸರು ಉಕ್ಕಿ ಹಿಟ್ಟಿನ ಮೇಲೆಲ್ಲ ಹರಿದು ಬೇಯುವವರೆಗೆ ಸುಮ್ಮನಿರಬೇಕು. ತಾಳ್ಮೆಯೆಲ್ಲ ಅಲ್ಲಿ ಬೇಕು, ಬಲ ಬೇಕಾಗುವುದು ಆಮೇಲೆ. ಪಾತ್ರೆಯನ್ನು ಇಳಿಸಿ, ಕವೆಗೋಲಿನಿಂದ ಒತ್ತಿ ಹಿಡಿದು, ಗೋಡೆಗೆ ಒರೆಸಿದ ಹಾಗೆ ತೊಳಸಿದರೆ ಗಂಟೆಂಬುದು ಇರುವುದಿಲ್ಲ. ಕಟ್ಟುವಾಗ ಪಕ್ಕದಲ್ಲಿ ತಣ್ಣೀರಿನ ಬೋಗುಣಿ ಇರಲಿ, ಇಲ್ಲವಾದರೆ ಅಂಗೈ ಸುಡುತ್ತದೆ.

ಮೇಲುಕೋಟೆಯ ಅಂಗಳದಲ್ಲಿ ಕೋತಿಗಳ ಕಾಟ ವಿಪರೀತ. ತೆಂಗಿನಕಾಯಿ, ಬಾಳೆಹಣ್ಣುಗಳನ್ನು ಒಳಗೇ ಇಟ್ಟು ಬಾಗಿಲು ಹಾಕಿಕೊಳ್ಳಿ. ಪಾತ್ರೆ ತೊಳೆಯಲು ಕಲ್ಯಾಣಿಯ ಕಡೆ ಯಾರನ್ನೂ ಕಳಿಸಬೇಡಿ.

ದಿನಾಂಕ ತಿಳಿಸಿ. ಪಾಂಡವಪುರದಿಂದ ಮೇಲುಕೋಟೆ ದೂರವೇನಲ್ಲ. ಮದುವೆಯ ಕೆಲಸವಿಲ್ಲದಿದ್ದರೆ ಸಂಜೆಯ ಹೊತ್ತಿಗೆ ಕವೆಗೋಲು, ಮುದ್ದೆಕೋಲು ಹಿಡಿದು ನಾನೇ ಬರುತ್ತೇನೆ. ಬಸ್ಸಿನಲ್ಲಿ ಬರುತ್ತೇನೆ, ಸೈಕಲ್ ಹತ್ತಲು ಮಾತ್ರ ಹೇಳಬೇಡಿ.