ಫಿನ್‌ಲ್ಯಾಂಡ್‌ನವರ ಡಿಮೆನ್ಶಿಯಾ ಲೆಕ್ಕ ನಮ್ಮ ಅಮ್ಮನಿಗೆ ಹೊಂದುತ್ತಾ?

ಮೂಡಿಗೆರೆ_ಮಳೆ
ಅಜ್ಜಿಗೆ ಕೊನೆಗಾಲದಲ್ಲಿ ಡಿಮೆನ್ಶಿಯಾ (ಮರೆವಿನ ಕಾಯಿಲೆ) ಇತ್ತು, ಹಾಗಾಗಿ ಅಮ್ಮನ ಬಗ್ಗೆ ನಮಗೆ ಮೊದಲಿನಿಂದಲೂ ಭಯ. ಅಮ್ಮನಿಗೆ 58 ವರ್ಷ. ಓದಿದ್ದು ನಾಲ್ಕನೇ ಕ್ಲಾಸು. ಬಿಪಿ 150ರ ಹತ್ತಿರ ಇರುತ್ತದೆ, ಶುಗರ್ ಬೇರೆ. ಮೊನ್ನೆ ತಮ್ಮ ಆನ್‌ಲೈನ್‌ನಲ್ಲಿ ಕೇಡ್ (CAIDE) ಸ್ಕೋರ್ ಅಂತ, ಮುಂದೆ ಡಿಮೆನ್ಶಿಯಾ ಬರುವ ಅಪಾಯ ಎಷ್ಟು ಅಂತ ಹೇಳುವ ಲೆಕ್ಕ ಹಾಕಿ ನೋಡಿದ, 15ಕ್ಕೆ 10 ಬಂತು. ಆವತ್ತಿಂದ ಮನೆಯಲ್ಲಿ ಎಲ್ಲರದ್ದೂ ಸಪ್ಪೆ ಮುಖ. ಇದು ಹೊರದೇಶದವರು ಮಾಡಿದ್ದಲ್ವಾ, ನಮ್ಮ ಕಡೆಯವರಿಗೂ ಸರಿಹೋಗುತ್ತಾ? ಇನ್ನೊಂದು, ವ್ಯಾಯಾಮ ಅನ್ನೋ ಕಡೆ ತಮ್ಮ 'ಇಲ್ಲ' ಅಂತ ಒತ್ತಿದ್ದಾನೆ. ಅಮ್ಮ ಬೆಳಗಾದರೆ ತೋಟ, ಕೊಟ್ಟಿಗೆ, ಹುಲ್ಲಿನ ಹೊರೆ ಅಂತ ಕೂರುವುದೇ ಇಲ್ಲ.

ಹಾಸನ_ಪಿಜಿ
ಮೊದಲು ಆ 10 ಹೇಗೆ ಬಂತು ನೋಡಿ ಅಕ್ಕಾ. ವಯಸ್ಸಿಗೆ 4, ಓದು ಕಡಿಮೆ ಅಂತ 3, ಬಿಪಿಗೆ 2, ವ್ಯಾಯಾಮ ಇಲ್ಲ ಅಂತ 1. ಅಂದರೆ 7 ಅಂಕ ಈಗ ಯಾರೂ ಬದಲಾಯಿಸಲಾಗದ ವಿಷಯಕ್ಕೇ ಹೋಯಿತು. ಆ ಸ್ಕೋರ್ ಬಂದಿದ್ದು 2006ರಲ್ಲಿ, ಪೂರ್ವ ಫಿನ್‌ಲ್ಯಾಂಡ್‌ನ 1,409 ಜನರನ್ನು ಸುಮಾರು 20 ವರ್ಷ ನೋಡಿ ಮಾಡಿದ್ದು. ಅಲ್ಲಿ 10–11 ಅಂಕದವರಲ್ಲಿ ಡಿಮೆನ್ಶಿಯಾ ಬಂದದ್ದು ಶೇ 7.4 ಜನಕ್ಕೆ. ಮಿಕ್ಕ 92 ಚಿಲ್ಲರೆ ಜನಕ್ಕೆ ಬಂದಿಲ್ಲ, ಅದನ್ನು ಮನೆಯಲ್ಲಿ ಹೇಳಿ. ಅಮ್ಮನ ದುಡಿಮೆಯನ್ನು ವ್ಯಾಯಾಮ ಅಂತ ಹಿಡಿದರೆ 9 ಆಗುತ್ತದೆ, ಅಲ್ಲಿಗೆ ಶೇ 4.2. ಆ ಪ್ರಶ್ನೆ ಬಿಡುವಿನಲ್ಲಿ ಬೆವರು ಬರುವಂತೆ ಆಡುವ, ಓಡುವ ಜನರಿಗೆ ಬರೆದದ್ದು. ಕಾಫಿ ಕುಯ್ಯುವವರಿಗೆ ಬಿಡುವು ಎಲ್ಲಿದೆ!

ನನಗೆ ಜಾಸ್ತಿ ತಕರಾರು ಇರುವುದು ಅದು ಕೇಳದೇ ಬಿಟ್ಟಿದ್ದರ ಬಗ್ಗೆ. ಅದರಲ್ಲಿ ಶುಗರ್ ಇಲ್ಲವೇ ಇಲ್ಲ. ನಮ್ಮ ಜಿಲ್ಲೆಯಲ್ಲಿ ಶುಗರ್ ಬಿಟ್ಟು ಯಾವ ಲೆಕ್ಕ ಹಾಕುವುದು? ದಪ್ಪ ಅನ್ನುವುದಕ್ಕೆ ಬಿಎಂಐ (ಎತ್ತರಕ್ಕೆ ತೂಕದ ಲೆಕ್ಕ) 30 ದಾಟಬೇಕು ಅನ್ನುತ್ತದೆ, ನಮ್ಮವರಿಗೆ 25ಕ್ಕೇ ಡಾಕ್ಟರು ಬೈಯುತ್ತಾರೆ. ಗಂಡಸಾದರೆ ಒಂದು ಅಂಕ ಹೆಚ್ಚು ಬೇರೆ. ಆದರೆ ನಮ್ಮ ದೇಶದ ಸರ್ವೆಯಲ್ಲಿ 60 ದಾಟಿದ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಶಿಯಾ ಇದೆ ಅನ್ನುವ ಅಂದಾಜು, ಅದರಲ್ಲಿ ಹೆಂಗಸರಿಗೇ ಜಾಸ್ತಿ, ಪೇಟೆಗಿಂತ ಹಳ್ಳಿಯಲ್ಲಿ ಜಾಸ್ತಿ.

ಕಳಸದ_ಕಾಳುಮೆಣಸು
ಹಾಗಾದರೆ ಸುಮ್ನೆ ಎಸೆಯಿರಿ ಅದನ್ನ. ಬಿಳಿಯರ ಲೆಕ್ಕ ಬಿಳಿಯರಿಗೆ. ನಮ್ಮೂರ ಕ್ಯಾಂಪ್‌ನಲ್ಲಿ ಮರೆವು ಇದೆಯಾ ನೋಡಲು ಪೆನ್ಸಿಲ್ ಹಿಡಿಯದ ಅಜ್ಜನಿಗೆ ಗಡಿಯಾರದ ಚಿತ್ರ ಬರಿ ಅಂದರು, ಬರೆಯಲಿಲ್ಲ ಅಂತ ಮರೆವು ಅಂದರು. ಆ ಅಜ್ಜನಿಗೆ ಯಾವ ವರ್ಷ ಮೆಣಸು ಯಾವ ರೇಟಿಗೆ ಹೋಯಿತು ಅಂತ ಕೇಳಬೇಕಿತ್ತು.

ಹಾಸನ_ಪಿಜಿ
ಅಣ್ಣಾ, ಪೂರ್ತಿ ಎಸೆಯುವ ಹಾಗೂ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇದೇ ಸ್ಕೋರನ್ನು ಬಿಳಿಯರು, ಕರಿಯರು, ಏಷ್ಯಾದವರು ಎಲ್ಲರ ಮೇಲೂ ನೋಡಿದ್ದಾರೆ, ಯಾರಿಗೆ ಜಾಸ್ತಿ ಅಪಾಯ ಯಾರಿಗೆ ಕಡಿಮೆ ಅನ್ನುವ ಸಾಲು ತಕ್ಕಮಟ್ಟಿಗೆ ಸರಿಯೇ ಬಂತು. ಆದರೆ ಸಾಲು ಸರಿ ಇದ್ದ ಮಾತ್ರಕ್ಕೆ ಶೇಕಡಾ ಇಷ್ಟು ಅನ್ನುವುದೂ ಸರಿ ಅಂತಲ್ಲ. ಅದು ಆಯಾ ಊರಿನವರನ್ನು ವರ್ಷಗಟ್ಟಲೆ ನೋಡಿದರೆ ಮಾತ್ರ ಗೊತ್ತಾಗುವುದು. ಕೋಲಾರದ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಐಐಎಸ್‌ಸಿಯ ಮೆದುಳು ಸಂಶೋಧನಾ ಕೇಂದ್ರದವರು ಆ ಕೆಲಸ ಮಾಡುತ್ತಿದ್ದಾರೆ. ಗಡಿಯಾರದ ವಿಷಯದಲ್ಲಿ ನಿಮ್ಮ ಮಾತು ಒಪ್ಪಿದೆ. ಐಸಿಎಂಆರ್‌ನವರು ಕನ್ನಡದಲ್ಲೇ ಪರೀಕ್ಷೆಗಳನ್ನು ಮಾಡಿದ್ದಾರೆ, ಕ್ಯಾಂಪ್‌ನವರು ಅದನ್ನು ಬಳಸಬೇಕಿತ್ತು.

ಬೇಲೂರು_ಟೀಚರ್
ಓದಿನ 3 ಅಂಕದ ಬಗ್ಗೆ ಒಂದು ಮಾತು. ಹೈದರಾಬಾದಿನಲ್ಲಿ 648 ಡಿಮೆನ್ಶಿಯಾ ರೋಗಿಗಳನ್ನು ನೋಡಿದಾಗ, ಎರಡು ಭಾಷೆ ಆಡುವವರಿಗೆ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು, ಓದು ಬರಹ ಇಲ್ಲದವರಲ್ಲೂ. 2013ರಲ್ಲಿ ಬಂದ ವರದಿ. ನಿಮ್ಮ ಕಡೆ ತೋಟದ ಆಳುಗಳ ಜೊತೆ ತಮಿಳು, ತುಳು ಆಡಿಕೊಂಡು ಬೆಳೆದವರೇ ಹೆಚ್ಚು ಅಲ್ವಾ. ಕೇಡ್ ಅದನ್ನು ಕೇಳುವುದೇ ಇಲ್ಲ. ಎಲ್ಲ ಕಡೆ ಹೀಗೇ ಬಂದಿಲ್ಲ ಅನ್ನುವುದೂ ನಿಜ.

ಮೂಡಿಗೆರೆ_ಮಳೆ
ಅಮ್ಮನಿಗೆ ತುಳು ಬರುತ್ತದೆ, ತಮಿಳು ಬೈಗುಳವೂ ಬರುತ್ತದೆ 😄 ಈಗ ಏನು ಮಾಡಲಿ ಹೇಳಿ. ಈಚೆಗೆ ಟಿವಿ ಸೌಂಡು ಜಾಸ್ತಿ ಇಡುತ್ತಾರೆ, ಕರೆದರೆ ಓಗೊಡುವುದಿಲ್ಲ. ಅದಕ್ಕೇ ಮರೆವು ಶುರುವಾಯಿತೇನೋ ಅಂದುಕೊಂಡೆವು.

ಹಾಸನ_ಪಿಜಿ
ಅದು ಮೊದಲು ಕಿವಿ ಪರೀಕ್ಷೆಗೆ ಹೋಗಬೇಕಾದ ಮಾತು. ಕಿವಿ ಕೇಳದಿರುವುದೂ ಡಿಮೆನ್ಶಿಯಾ ಅಪಾಯದ ಪಟ್ಟಿಯಲ್ಲಿದೆ, ಮೆಷಿನ್ ಹಾಕಿದರೆ ಸರಿಮಾಡಬಹುದಾದದ್ದು. ಬಿಪಿ 150 ಹಾಗೇ ಬಿಡಬೇಡಿ, ಮಾತ್ರೆ ಬದಲಾಯಿಸಬೇಕಾ ಕೇಳಿ, ಮೂರು ತಿಂಗಳ ಶುಗರ್ ಟೆಸ್ಟ್ ಮಾಡಿಸಿ. ಜೊತೆಗೆ ಬಿ12, ಥೈರಾಯ್ಡ್. ಇವೆರಡು ಕೆಟ್ಟರೂ ಮರೆವು ಬರುತ್ತದೆ, ಔಷಧಿ ಕೊಟ್ಟರೆ ಸುಧಾರಿಸಬಹುದು. ತಮ್ಮನಿಗೆ ಹೇಳಿ, ಮುಂದಿನ ಸಲ ಒಬ್ಬನೇ ಕೂತು ಒತ್ತುವ ಬದಲು ಅಮ್ಮನನ್ನು ಕರೆದುಕೊಂಡು ಹೋಗಲಿ.